ಹೊಸಬರ ವೇಕ್‌ಬೋರ್ಡ್ ಸೆಟ್: ಬೋರ್ಡ್ ಇಟ್ಟುಕೊಳ್ಳಿ, ಹಗ್ಗ ಬದಲಿಸಿ, ಡಬ್ಬಿಯ ಜಾಕೆಟ್ ನೀರಿಗೆ ತರಬೇಡಿ

ವೇಕ್‌ಬೋರ್ಡ್ ಅಂದರೆ ಎರಡೂ ಕಾಲಿಗೆ ಕಟ್ಟಿಕೊಂಡು, ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ನಿಂತು ಜಾರುವ ಹಲಗೆ. ಹೊಸಬರಿಗೆಂದು ಮಾರುವ ಸೆಟ್ಟಿನ ಡಬ್ಬಿ ಬಿಚ್ಚಿದರೆ ಸಿಗುವುದು ಇಷ್ಟು: 139 ಸೆಂಟಿಮೀಟರ್ ಉದ್ದದ ಬೋರ್ಡ್, ಬೆರಳು ಹೊರಗೆ ಬಿಡುವ ಒಂದು ಜೊತೆ ಬೂಟು, ಬೋರ್ಡಿನ ಅಡಿಗೆ ಸಿಕ್ಕಿಸುವ ನಾಲ್ಕು ಫಿನ್ (ರೆಕ್ಕೆ), 75 ಅಡಿ ಹಗ್ಗ, 15 ಇಂಚಿನ ಹ್ಯಾಂಡಲ್, ತೆಳ್ಳನೆಯ ಒಂದು ಜಾಕೆಟ್, ಮತ್ತು ನಾಲ್ಕು ಮಡಿಕೆಯ ಸೂಚನಾ ಚೀಟಿ. ಸುಂಕ, ಸಾಗಣೆ ಎಲ್ಲ ಸೇರಿ ದಾವಣಗೆರೆಯ ಬಾಗಿಲಿಗೆ ಬಂದು ಬೀಳುವಷ್ಟರಲ್ಲಿ 50 ಸಾವಿರದ ಆಸುಪಾಸು. ಬ್ರ್ಯಾಂಡಿನ ಹೆಸರು ಬೇಡ. ಹೆಚ್ಚೂಕಮ್ಮಿ ಇದೇ ಸಾಮಾನು ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಮಾರಾಟವಾಗುತ್ತದೆ, ಗುಣದೋಷಗಳೂ ಹೆಚ್ಚೂಕಮ್ಮಿ ಅವೇ.

ಸೆಟ್ಟನ್ನು ಅಳೆದಿರುವುದು ಒಂದೇ ಕೋಲಿನಿಂದ. ಈಜು ಬರುವ, ಆದರೆ ಬೋರ್ಡನ್ನು ಮುಟ್ಟಿಯೂ ನೋಡದ ಒಬ್ಬರನ್ನು ಇದರ ಮೇಲೆ ಆರನೇ ಎಳೆತದೊಳಗೆ ನಿಲ್ಲಿಸಬಹುದೇ? ಬೋರ್ಡು, ಬೂಟುಗಳಿಂದ ಆಗುತ್ತದೆ. ಡಬ್ಬಿಯಲ್ಲಿ ಬಂದ ಹಗ್ಗದಿಂದ ಕಷ್ಟ. ಚೀಟಿಯಲ್ಲಿ ಬರೆದಂತೆ ಕಲಿಸಿದರೆ ಸಾಧ್ಯವೇ ಇಲ್ಲ.

ಮೊದಲು ಬೋರ್ಡಿನ ಮಾತು. ಕೈಗೆತ್ತಿಕೊಂಡ ತಕ್ಷಣ ‘ಇಷ್ಟು ತೆಳುವೇ?’ ಅನ್ನಿಸುತ್ತದೆ. ತೆಳುವಾಗಿರುವುದೇ ಅದರ ಉಪಕಾರ. 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಬಂದ ಸ್ಕರ್ಫರ್ ಎಂಬ ಹಳೆಯ ಬೋರ್ಡ್, ಕಡಲಲೆಯ ಮೇಲೆ ಆಡುವ ಸರ್ಫ್‌ಬೋರ್ಡಿನ ಹಾಗೆ ದಪ್ಪಗಿತ್ತು. ನೀರಿನಲ್ಲಿ ಮಲಗಿ ಅದನ್ನು ಕಾಲಡಿಗೆ ತಂದುಕೊಳ್ಳುವಷ್ಟರಲ್ಲಿ ಅದು ತೇಲಿ ಜಾರಿಕೊಳ್ಳುತ್ತಿತ್ತು. ಬಲ ಇದ್ದವರು ಮಾತ್ರ ಎದ್ದು ನಿಲ್ಲುತ್ತಿದ್ದರು. 1990ರಲ್ಲಿ ತಯಾರಕ ಹರ್ಬ್ ಓಬ್ರಿಯನ್ ಅವರ ಹೈಪರ್‌ಲೈಟ್ ಬಂತು. ಒತ್ತಿ ಅಚ್ಚು ಮಾಡಿದ ತೆಳು ಬೋರ್ಡ್, ಪೂರ್ತಿ ತೇಲುವುದೂ ಇಲ್ಲ, ಪೂರ್ತಿ ಮುಳುಗುವುದೂ ಇಲ್ಲ. ಆಮೇಲೆ ಆಳದ ನೀರಿನಿಂದ ಏಳುವುದು ಸಾಮಾನ್ಯರ ಕೈಗೂ ಎಟುಕಿತು. ಈ ಸೆಟ್ಟಿನ ಬೋರ್ಡ್ ಅದೇ ವಂಶದ್ದು. ಕಾಲಿಗೆ ಕಟ್ಟಿಕೊಂಡು ಮಂಡಿ ಮಡಚಿದರೆ ಹಟ ಮಾಡದೆ ಎದೆಯ ಮುಂದೆ ಬಂದು ನಿಲ್ಲುತ್ತದೆ.

ಅಳತೆಯ ಆಯ್ಕೆಯೂ ಜಾಣತನದ್ದೇ. 60ರಿಂದ 80 ಕಿಲೋ ತೂಕದವರಿಗೆ 135–139 ಸೆಂಟಿಮೀಟರ್ ಸರಿ. 45ರಿಂದ 65 ಕಿಲೋದವರಿಗೆ 130–134 ಹೇಳುತ್ತಾರೆ. 80 ದಾಟಿದವರಿಗೆ 140ರ ಮೇಲೆ. ಕಲಿಯುವವರಿಗೆ ಒಂದು ಅಳತೆ ದೊಡ್ಡದಾದರೆ ನಷ್ಟವಿಲ್ಲ, ಚಿಕ್ಕದಾದರೆ ಇದೆ. ದೊಡ್ಡ ಬೋರ್ಡ್ ಕಡಿಮೆ ವೇಗದಲ್ಲೇ ನೀರಿನ ಮೇಲೆ ಬಂದುಬಿಡುತ್ತದೆ. ಹಾಗಾಗಿ ಐದಾರು ಜನ ಸೇರಿ ಒಂದೇ ಸೆಟ್ ಕೊಳ್ಳುವುದಾದರೆ 139 ಒಳ್ಳೆಯ ಮಧ್ಯಸ್ಥಿಕೆ. 40 ಕಿಲೋದ ಹುಡುಗನಿಗೆ ಮಾತ್ರ ಇದು ಬಾಗಿಲು ಹೊತ್ತುಕೊಂಡ ಹಾಗೆ ಆಗುತ್ತದೆ, ತಿರುಗಿಸಲು ಆಗುವುದಿಲ್ಲ.

ಬೋರ್ಡಿನ ಬಾಗು, ಅಂದರೆ ರಾಕರ್, ಮೂಗಿನಿಂದ ಬಾಲದವರೆಗೆ ಒಂದೇ ಸಮನಾದ ಬಿಲ್ಲಿನ ಆಕಾರ. ಮೂರು ತುಂಡಾಗಿ ಮುರಿದಂತೆ ಬಾಗಿರುವ ಬೋರ್ಡುಗಳೂ ಇವೆ. ಅವು ದೋಣಿಯ ಹಿಂದೆ ಏಳುವ ಅಲೆಯ ಮೇಲಿಂದ ನೆಟ್ಟಗೆ ಮೇಲಕ್ಕೆ ಚಿಮ್ಮಿಸುತ್ತವೆ, ಜಿಗಿಯುವವರಿಗೆ ಇಷ್ಟ. ಹೊಸಬರಿಗೆ ಚಿಮ್ಮುವುದು ಬೇಕಿಲ್ಲ, ಜಾರುವುದು ಬೇಕು. ಬಿಲ್ಲಿನ ಬಾಗು ನೀರನ್ನು ಕಡಿಮೆ ತಳ್ಳುತ್ತದೆ, ಮುಂದೇನು ಮಾಡುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಇಲ್ಲಿ ತಯಾರಕರಿಗೆ ಪೂರ್ತಿ ಅಂಕ.

ಫಿನ್‌ಗಳ ವಿಚಾರದಲ್ಲಿ ಒಂದು ಎಚ್ಚರಿಕೆ. ನಾಲ್ಕರಲ್ಲಿ ಎರಡು ಉದ್ದದವು, ಎರಡು ಗಿಡ್ಡ. ಮೊಬೈಲ್‌ನಲ್ಲಿ ವಿಡಿಯೋ ನೋಡಿ ‘ದೊಡ್ಡವರು ಫಿನ್ ಇಲ್ಲದೇ ಆಡುತ್ತಾರೆ’ ಎಂದು ಬಿಚ್ಚಿಡುವವರಿದ್ದಾರೆ. ನೀರಿನಲ್ಲಿ ನಿಲ್ಲಿಸಿದ ಕಂಬಿಯ ಮೇಲೆ ಜಾರುವವರಿಗೆ ಅದು ಸರಿ. ಕಲಿಯುವವರು ಬಿಚ್ಚಿದರೆ ಬೋರ್ಡ್ ಸೋಪು ಹಚ್ಚಿದ ನೆಲದ ಮೇಲಿನ ಪಾದದಂತೆ ಪಕ್ಕಕ್ಕೆ ಓಡುತ್ತದೆ. ಉದ್ದದ ಎರಡನ್ನೂ ಎರಡು ತುದಿಗೆ ಹಾಕಿ, ಸ್ಕ್ರೂ ಬಿಗಿದಿದೆಯೇ ಎಂದು ಪ್ರತಿ ಸಲ ನೀರಿಗಿಳಿಯುವ ಮುಂಚೆ ಬೆರಳಲ್ಲಿ ಅಲ್ಲಾಡಿಸಿ ನೋಡಿ.

ಬೂಟು ಕೂರಿಸುವುದು ಹತ್ತು ನಿಮಿಷದ ಕೆಲಸ. ಕೆಡಿಸುವುದಕ್ಕೆ ಅರ್ಧ ನಿಮಿಷ ಸಾಕು. ಬೂಟಿನ ತಟ್ಟೆಯನ್ನು ಬೋರ್ಡಿಗೆ ಹಿಡಿಯುವುದು 6 ಎಂಎಂ ಬೋಲ್ಟುಗಳು. ಇದಕ್ಕೆ 3ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಮನೆಯಲ್ಲಿ ಸಾಮಾನ್ಯವಾಗಿ ಇರುವ 2ನೇ ನಂಬರಿನದು ತಲೆಯನ್ನು ಸವೆಸಿಬಿಡುತ್ತದೆ. ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಎರಡು ಮೂರು ಸುತ್ತು ಕೂರಿಸಿ, ಆಮೇಲೆ ಎದುರುಬದುರಾಗಿ ಬಿಗಿಯುತ್ತಾ ಬನ್ನಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ತಟ್ಟೆ ಸರಿದು ಉಳಿದ ಬೋಲ್ಟು ಮರೆ (ಥ್ರೆಡ್) ತಪ್ಪಿ ಅಡ್ಡಕ್ಕೆ ಏರುತ್ತದೆ. ಬಡಗಿಯ ಡ್ರಿಲ್ ಮಷಿನ್ ದೂರ ಇಡಿ: ಬೋರ್ಡಿನೊಳಗೆ ಕೂರಿಸಿರುವ ಲೋಹದ ಮರೆ ಒಮ್ಮೆ ಬುಡಸಮೇತ ತಿರುಗಿತೆಂದರೆ ಆ ತೂತು ಮುಗಿಯಿತು. ಬೋಲ್ಟು ಕಳೆದರೆ ಚಿಂತೆಯಿಲ್ಲ, ಪಿ.ಬಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಉದ್ದದ ಸ್ಟೇನ್‌ಲೆಸ್ ಬೋಲ್ಟು ಕೇಳಿ. ಉದ್ದ ಮಾತ್ರ ಅಷ್ಟೇ ಇರಲಿ, ಒಂದು ನೂಲು ಹೆಚ್ಚಾದರೂ ಬೋರ್ಡಿನ ಅಡಿ ಉಬ್ಬುತ್ತದೆ.

ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಚೀಟಿಯಲ್ಲಿರುವ ಚಿತ್ರ ಎರಡೂ ಬೂಟನ್ನು ನಡುವಿನಿಂದ ಸಮದೂರದಲ್ಲಿ, ಎರಡು ಕಡೆಗೂ 9 ಡಿಗ್ರಿ ತಿರುಗಿಸಿ ತೋರಿಸುತ್ತದೆ. ಅದು ಎರಡೂ ಕಡೆಗೆ ಓಡಿಸಲು ಕಲಿತವರ ನಿಲುವು. ಮೊದಲ ದಿನಗಳಲ್ಲಿ ಹಿಂಗಾಲಿನ ಬೂಟು ಬಾಲದ ಕಡೆಯ ಕಟ್ಟಕಡೆಯ ತೂತಿನಲ್ಲಿ, 0 ಡಿಗ್ರಿಯಲ್ಲಿ ಅಡ್ಡಕ್ಕೆ ಇರಲಿ; ಮುಂಗಾಲಿನದು ಭುಜದಷ್ಟು ಅಗಲ ಬಿಟ್ಟು, 15ರಿಂದ 18 ಡಿಗ್ರಿ ಮುಂದಕ್ಕೆ ತಿರುಗಿರಲಿ. ಹೀಗೆ ಮಾಡಿದರೆ ಭಾರ ತಾನಾಗಿಯೇ ಹಿಂದೆ ಬೀಳುತ್ತದೆ, ಮೂಗು ಮೇಲಿರುತ್ತದೆ, ಬೋರ್ಡ್ ಯಾವ ಕಡೆ ಹೋಗಬೇಕೆಂದು ಅದಕ್ಕೇ ಗೊತ್ತಾಗುತ್ತದೆ. ಯಾವ ಕಾಲು ಮುಂದೆ ಅನ್ನುವುದಕ್ಕೆ ಕಲಿಯುವವರನ್ನೇ ಕೇಳಬೇಡಿ, ಯೋಚಿಸಿ ತಪ್ಪು ಹೇಳುತ್ತಾರೆ. ಕಾಲುಚೀಲ ಹಾಕಿಸಿ ನುಣುಪಾದ ನೆಲದ ಮೇಲೆ ಓಡಿ ಬಂದು ಜಾರಲು ಹೇಳಿ. ಜಾರುವಾಗ ಮುಂದೆ ಬಂದ ಕಾಲೇ ಮುಂಗಾಲು.

ಬೂಟುಗಳ ಬಗ್ಗೆ ದೂರು ಕಡಿಮೆ. ಬೆರಳು ಹೊರಗೆ ಬರುವುದರಿಂದ 7ನೇ ನಂಬರಿನವರಿಗೂ 10ನೇ ನಂಬರಿನವರಿಗೂ ಒಂದೇ ಬೂಟು ಸಾಲುತ್ತದೆ. ಹಂಚಿಕೊಂಡು ಕಲಿಯುವ ಗುಂಪಿಗೆ ಇದು ದೊಡ್ಡ ಅನುಕೂಲ. ಲಾಡಿ ಮೇಲೆ ಒಂದು, ಕೆಳಗೆ ಒಂದು, ಬೇರೆ ಬೇರೆ ಬಿಗಿಯಬಹುದು. ಬಿಗಿ ಎಷ್ಟಿರಬೇಕು? ಹಿಮ್ಮಡಿ ಎತ್ತಿದರೆ ಏಳಬಾರದು, ಆದರೆ ಜೋರಾಗಿ ಬಿದ್ದಾಗ ಕಾಲು ಕಳಚಿಕೊಂಡು ಬರುವಷ್ಟು ಸಡಿಲ ಇರಬೇಕು. ಒಂದು ಕಾಲು ಕಳಚಿ ಇನ್ನೊಂದು ಸಿಕ್ಕಿಕೊಂಡರೆ ಮಂಡಿ ತಿರುಚುತ್ತದೆ, ಆದ್ದರಿಂದ ಎರಡೂ ಬೂಟಿಗೆ ಒಂದೇ ಬಿಗಿ. ಒಣ ಕಾಲು ಒಳಗೆ ಹೋಗುವುದಿಲ್ಲ: ಕಾಲು, ಬೂಟು ಎರಡನ್ನೂ ನೆನೆಸಿ, ಒಂದು ಶಾಂಪೂ ಸ್ಯಾಷೆಯನ್ನು ಮಗ್ಗು ನೀರಿಗೆ ಕಲಸಿ ಒಳಗೆ ಸುರಿದರೆ ಸರಾಗ. ಕೊಬ್ಬರಿ ಎಣ್ಣೆ ಹಚ್ಚುವ ಬುದ್ಧಿ ಬೇಡ, ಒಳಗಿನ ಸ್ಪಂಜು, ಅಂಟು ಬಿಟ್ಟುಕೊಳ್ಳುತ್ತವೆ.

ಈಗ ಹಗ್ಗ. ಸೆಟ್ಟಿನ ದೊಡ್ಡ ತಪ್ಪು ಇಲ್ಲಿದೆ.

75 ಅಡಿ ಹಗ್ಗದಲ್ಲಿ ತೆಗೆದು ಗಿಡ್ಡ ಮಾಡಬಹುದಾದ ತುಂಡುಗಳು ಮೂರೇ, ತಲಾ 5 ಅಡಿ. ಎಲ್ಲ ತೆಗೆದರೂ 60 ಅಡಿಗಿಂತ ಕೆಳಗೆ ಬರುವುದಿಲ್ಲ. 65, 70 ಅಡಿ ಅಲೆ ಹಾರುವವರ ಉದ್ದ. ಹೊಸಬರಿಗೆ ಬೇಕಾದ್ದು 35ರಿಂದ 45 ಅಡಿ. ಕಾರಣ ಸರಳ. ದೋಣಿಯಲ್ಲಿ ಹಗ್ಗ ಕಟ್ಟುವ ಜಾಗ ನೀರಿಗಿಂತ ಎತ್ತರದಲ್ಲಿರುತ್ತದೆ. ಹಗ್ಗ ಗಿಡ್ಡವಾದಷ್ಟೂ ಅದು ಕಡಿದಾಗಿ ಮೇಲಕ್ಕೆ ಎಳೆಯುತ್ತದೆ. ಉದ್ದವಾದಷ್ಟೂ ನೀರಿಗೆ ಸಮವಾಗಿ ಮುಂದಕ್ಕೆ ಮಾತ್ರ ಎಳೆಯುತ್ತದೆ, ಆಗ ಕಲಿಯುವವರು ಮೇಲೇಳುವ ಬದಲು ಮುಗ್ಗರಿಸುತ್ತಾರೆ. ಗಿಡ್ಡ ಹಗ್ಗದ ಇನ್ನೊಂದು ಲಾಭ, ಹೇಳಿದ್ದು ಕೇಳಿಸುತ್ತದೆ. 60 ಅಡಿ ಆಚೆ, ಎಂಜಿನ್ ಸದ್ದಿನಲ್ಲಿ, ಕಿವಿಯಲ್ಲಿ ನೀರು ತುಂಬಿಕೊಂಡವರಿಗೆ ‘ಕೈ ಉದ್ದ’ ಅಂದರೆ ಏನೂ ತಲುಪುವುದಿಲ್ಲ.

ಹಾಗಂತ ಬಂದ ಹಗ್ಗಕ್ಕೆ ಗಂಟು ಹಾಕಿ ಗಿಡ್ಡ ಮಾಡಬೇಡಿ. ಗಂಟು ಬಿದ್ದಲ್ಲಿ ಹಗ್ಗದ ಬಲ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಂಡಿಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ನೈಲಾನ್ ಹಗ್ಗವೂ ಬೇಡ. ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ, ನೀರಲ್ಲಿ ಮುಳುಗಿ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ, ಹ್ಯಾಂಡಲ್ ಬಿಟ್ಟಾಗ ಹಿಗ್ಗಿದ್ದು ಕವಣೆಯಂತೆ ದೋಣಿಯಲ್ಲಿರುವವರ ಮುಖಕ್ಕೆ ಬರುತ್ತದೆ. ತೇಲುವ, ಹೆಚ್ಚು ಹಿಗ್ಗದ ಪಾಲಿಎಥಿಲೀನಿನ ವೇಕ್‌ಬೋರ್ಡ್ ಹಗ್ಗವನ್ನೇ 40 ಅಡಿಯದು ಬೇರೆ ತರಿಸಿ. ಸೆಟ್ಟಿನ ಬೆಲೆಗೆ ಹೋಲಿಸಿದರೆ ಇದು ಚಿಲ್ಲರೆ, ಆದರೆ ಇಡೀ ಸೆಟ್ಟಿನ ಫಲ ಇದರ ಮೇಲೆ ನಿಂತಿದೆ. ತಯಾರಕರು ಇನ್ನೂ ನಾಲ್ಕು ತುಂಡು ಹೊಲಿದಿದ್ದರೆ ಈ ಪ್ಯಾರಾ ಬರೆಯಬೇಕಿರಲಿಲ್ಲ.

ಹ್ಯಾಂಡಲ್ ಪರವಾಗಿಲ್ಲ. ಹಿಡಿಕೆ ಒರಟಾಗಿದ್ದು ಜಾರುವುದಿಲ್ಲ, ತೇಲುತ್ತದೆ. ತುದಿಯ ಮುಚ್ಚಳ ಬಿದ್ದುಹೋಗಿದ್ದರೆ ಕೊಳವೆಗೆ ನೀರು ಹೊಕ್ಕು ಮುಳುಗುತ್ತದೆ, ಅಷ್ಟು ನೋಡಿಕೊಂಡರೆ ಸಾಕು. ಹ್ಯಾಂಡಲಿನ ತ್ರಿಕೋನದೊಳಗೆ ಕೈ, ತಲೆ ತೂರಿಸುವ ಆಟ ಮಾತ್ರ ಮೊದಲ ದಿನವೇ ನಿಲ್ಲಿಸಿ.

ಜಾಕೆಟ್ ಬಗ್ಗೆ ಮೆತ್ತಗೆ ಹೇಳಲು ಆಗುವುದಿಲ್ಲ. ಅದು ಲೈಫ್ ಜಾಕೆಟ್ ಅಲ್ಲ. ಬಿದ್ದಾಗ ಪಕ್ಕೆಲುಬಿಗೆ ಪೆಟ್ಟು ತಪ್ಪಿಸುವ ಇಂಪ್ಯಾಕ್ಟ್ ವೆಸ್ಟ್. ತೇಲಿಸುವ ಭರವಸೆ ಅದರ ಒಳಗಿನ ಚೀಟಿಯಲ್ಲೇ ಇಲ್ಲ. ಆದರೆ ಡಬ್ಬಿಯ ಮೇಲಿನ ಚಿತ್ರ ನೋಡಿದವರು ಅದನ್ನು ಹಾಕಿಕೊಂಡೇ ನೀರಿಗೆ ಹಾರುತ್ತಾರೆ. ಕಲಿಯುವವರಿಗೆ ಬೇಕಾದ್ದು ಒಳಗೆ ಐಎಸ್‌ಒ 12402 (ತೇಲಿಸುವ ಜಾಕೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ) ಎಂದು ಅಚ್ಚಾದ ಜಾಕೆಟ್. ಅದರಲ್ಲಿ 5ನೇ ಭಾಗದ್ದರ ತೇಲಿಸುವ ಬಲ 50 ನ್ಯೂಟನ್: ಈಜು ಬಲ್ಲವರಿಗೆ, ಪಕ್ಕದಲ್ಲೇ ದೋಣಿ ಇದ್ದಾಗ. 4ನೇ ಭಾಗದ್ದು 100 ನ್ಯೂಟನ್: ಈಜಿನಲ್ಲಿ ಅಷ್ಟಕ್ಕಷ್ಟೇ ಇರುವವರಿಗೆ. ಬೆಲ್ಟೆಲ್ಲ ಬಿಗಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಗದ್ದದ ಮೇಲೆ ಬಂದರೆ ಆ ಅಳತೆ ಅವರದಲ್ಲ. ಈಜೇ ಬಾರದವರಿಗೆ ಯಾವ ಜಾಕೆಟ್ಟೂ ಪರಿಹಾರವಲ್ಲ, ಮೊದಲು ಈಜು.

ಇನ್ನು ಸೂಚನಾ ಚೀಟಿ. ಆರು ಚಿತ್ರಗಳಿವೆ. ಮೂರನೆಯದರಲ್ಲಿ ದೋಣಿ ಹೊರಟ ತಕ್ಷಣ ಎದ್ದು ನಿಲ್ಲಿ ಎಂದಿದೆ. ಹೊಸಬರು ಮಾಡುವ ಒಂದನೇ ನಂಬರಿನ ತಪ್ಪೇ ಅದು; ಅದನ್ನೇ ಪಾಠವಾಗಿ ಅಚ್ಚು ಹಾಕಿದ್ದಾರೆ. ಚೀಟಿ ಪಕ್ಕಕ್ಕಿಟ್ಟು, ಈ ಸಾಮಾನಿನಲ್ಲೇ ಹೇಗೆ ಕಲಿಸಬಹುದು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುವುದೇ ವಾಸಿ.

ಪಾಠ ಶುರುವಾಗುವುದು ಹುಲ್ಲಿನ ಮೇಲೆ. ಫಿನ್ ಬಿಚ್ಚಿ, ಬೂಟು ಕಟ್ಟಿ, ಕಲಿಯುವವರನ್ನು ನೆಲದ ಮೇಲೆ ಕೂರಿಸಿ. ಹಿಮ್ಮಡಿ ಕುಂಡಿಗೆ ತಾಗುವಷ್ಟು ಹತ್ತಿರ, ಮಂಡಿ ಎದೆಗೆ, ಎರಡು ಕೈ ಮಂಡಿಯ ಹೊರಗಿನಿಂದ ಚಾಚಿ ಹ್ಯಾಂಡಲ್ ಹಿಡಿಯಬೇಕು, ಎರಡೂ ಅಂಗೈ ಕೆಳಮುಖ. ಇದನ್ನು ‘ಕುಕ್ಕರಗಾಲು’ ಅಂದರೆ ಸಾಕು, ಬೇರೆ ವಿವರಣೆ ಬೇಡ. ಈಗ ಕಲಿಸುವವರು ಹಗ್ಗದ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಹಿಂದಕ್ಕೆ ವಾಲಬೇಕು. ಕಲಿಯುವವರು ಏನೂ ಮಾಡಬಾರದು. ಹಗ್ಗವೇ ಅವರ ಕುಂಡಿಯನ್ನು ನೆಲದಿಂದ ಎತ್ತಿ ಪಾದದ ಮೇಲೆ ತರುತ್ತದೆ. ಕುಕ್ಕರಗಾಲಲ್ಲೇ ಬಂದು ನಿಂತ ಮೇಲೆ, ಎರಡು ಎಣಿಸಿ, ಆಮೇಲೆ ಕಾಲು ಅರ್ಧ ನೀಡಬೇಕು. ಪೂರ್ತಿ ಎಂದೂ ಇಲ್ಲ.

ನಮ್ಮ ಕಡೆಯವರ ಕೈಗೆ ಇಲ್ಲಿ ಒಂದು ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಹಗ್ಗ ಬಿಗಿಯಾದ ಕೂಡಲೇ ಬಾವಿಯಿಂದ ಕೊಡ ಸೇದುವಂತೆ ಎದೆಯ ಕಡೆಗೆ ಜಗ್ಗುತ್ತಾರೆ. ಜಗ್ಗಿದರೆ ಒಂದು ಕ್ಷಣ ಹಗ್ಗ ಸಡಿಲ, ಮರುಕ್ಷಣ ದೋಣಿ ಅದನ್ನು ಝಾಡಿಸಿ ಬಿಗಿ ಮಾಡುತ್ತದೆ, ಕೈ ಕಿತ್ತುಕೊಂಡು ಹೋಗುತ್ತದೆ. ಕೈಗಳು ಹಗ್ಗದ ಮುಂದುವರಿದ ಭಾಗ ಎಂದುಕೊಳ್ಳಲಿ: ಉದ್ದ, ನೇರ, ಹಿಡಿ ಮಾತ್ರ ಬಿಗಿ. ಭದ್ರಾ ಅಚ್ಚುಕಟ್ಟಿನ ಗದ್ದೆ ಕೆಲಸ ಗೊತ್ತಿರುವವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ನಾಟಿಗೆ ಮುಂಚೆ ಕೆಸರು ಮಟ್ಟ ಮಾಡಲು ಎತ್ತಿನ ಹಿಂದೆ ಹಲಗೆಯ ಮೇಲೆ ನಿಲ್ಲುವವರ ಮಂಡಿ ಸಡಿಲ, ಸೊಂಟ ಹಿಂದೆ, ಕೈ ಮುಂದೆ, ಕಣ್ಣು ಎತ್ತಿನ ಬೆನ್ನಿನ ಮೇಲೆ. ಅದೇ ನಿಲುವು ಇಲ್ಲಿಗೂ, ಎತ್ತಿನ ಬದಲು ಎಂಜಿನ್.

ಹುಲ್ಲಿನ ಮೇಲೆ ಹತ್ತು ಸಲ ಆದ ಮೇಲೆ ಎದೆಮಟ್ಟದ ನೀರು, ದೋಣಿ ಇಲ್ಲದೆ. ಇಲ್ಲಿ ಕಲಿಸಬೇಕಾದ್ದು ಒಂದೇ, ಚೀಟಿಯಲ್ಲಿ ಅದರ ಸುಳಿವೂ ಇಲ್ಲ: ಬೋರಲು ಬಿದ್ದವರು ಬೆನ್ನ ಮೇಲೆ ತಿರುಗುವುದು. ಕಾಲಿಗೆ ಬೋರ್ಡ್ ಕಟ್ಟಿಕೊಂಡಾಗ ಈಜುವಂತೆ ಕಾಲು ಬಡಿದರೆ ಏನೂ ಆಗುವುದಿಲ್ಲ, ಹೊಸಬರು ಗಾಬರಿ ಬೀಳುವುದೇ ಆಗ. ಮಂಡಿ ಮಡಚಿ ಬೋರ್ಡನ್ನು ಕುಂಡಿಯ ಹತ್ತಿರ ತಂದು, ಒಂದು ಭುಜದ ಮೇಲೆ ಹೊರಳಿದರೆ ಬೋರ್ಡ್ ತಾನೇ ಮೇಲೆ ಬರುತ್ತದೆ. ಐದು ಸಲ ತಾವಾಗಿಯೇ ತಿರುಗಿದವರನ್ನು ಮಾತ್ರ ದೋಣಿಯ ಹಿಂದೆ ಕಳಿಸಿ.

ನಿಜವಾದ ಎಳೆತ ಹೀಗೆ. ಕಲಿಯುವವರು ಬೆನ್ನ ಮೇಲೆ ತೇಲುತ್ತಾ, ಬೋರ್ಡ್ ಹಗ್ಗಕ್ಕೆ ಅಡ್ಡವಾಗಿ, ಬೋರ್ಡಿನ ಮೇಲಂಚು ಮಾತ್ರ ನೀರಿನ ಮೇಲೆ ಒಂದು ಗೇಣು ಕಾಣುವಂತೆ. ದೋಣಿ ಗೇರಿನಲ್ಲಿ ಕನಿಷ್ಠ ವೇಗದಲ್ಲಿ ಸರಿದು ಹಗ್ಗ ಬಿಗಿ ಮಾಡಬೇಕು. ಕಲಿಯುವವರು ‘ಹೋಗಲಿ’ ಅಂದ ಮೇಲೆ ಮೂರು ನಾಲ್ಕು ಸೆಕೆಂಡಿನಲ್ಲಿ ಸಮನಾಗಿ ವೇಗ ಏರಿಸಿ 24–28 ಕಿಲೋಮೀಟರಿಗೆ ತರಬೇಕು. 30–35 ಕಿಲೋ ತೂಕದ ಮಕ್ಕಳಿಗೆ 20ರ ಸುತ್ತಮುತ್ತ ಸಾಕು. ನೀರು ಬೋರ್ಡಿನ ತಳವನ್ನು ತಳ್ಳುವಾಗ ಕಲಿಯುವವರು ಆ ಒತ್ತಡವನ್ನು ಎದುರಿಸಿ ಕಾಲು ನೀಡಿದರೆ ಬೋರ್ಡ್ ಗೋಡೆಯಂತೆ ನೀರಿಗೆ ಅಡ್ಡ ನಿಲ್ಲುತ್ತದೆ, ಹ್ಯಾಂಡಲ್ ಕೈಬಿಡುತ್ತದೆ. ಒತ್ತಡಕ್ಕೆ ಸೋತು ಮಂಡಿ ಎದೆಗೆ ಬರಲು ಬಿಟ್ಟರೆ ಬೋರ್ಡ್ ಕುಂಡಿಯ ಕೆಳಗೆ ಬಂದು ನೀರಿನ ಮೇಲೆ ಏರುತ್ತದೆ. ಆ ಒಂದು ಕ್ಷಣ ಸುಮ್ಮನಿರುವುದನ್ನು ಕಲಿಸುವುದೇ ಇಡೀ ಪಾಠದ ಮುಕ್ಕಾಲು ಭಾಗ.

ಮೇಲೆ ಬಂದ ಮೇಲೆ ಬೋರ್ಡ್ ಇನ್ನೂ ಅಡ್ಡವಾಗಿಯೇ ಇರುತ್ತದೆ. ಹ್ಯಾಂಡಲನ್ನು ಮುಂಗಾಲಿನ ಕಡೆಯ ಸೊಂಟದ ಹತ್ತಿರ ತಂದು, ಆ ಭುಜವನ್ನು ದೋಣಿಯ ಕಡೆ ತಿರುಗಿಸಿ, ಭಾರ ಸ್ವಲ್ಪ ಹಿಂಗಾಲಿನ ಮೇಲಿಟ್ಟರೆ ಮೂಗು ತಾನೇ ದೋಣಿಯ ಕಡೆ ತಿರುಗುತ್ತದೆ. ಕೆಲವರು ಸೊಂಟ ತಿರುಗಿಸದೆ ದೋಣಿಗೆ ಎದೆ ಕೊಟ್ಟೇ ನಿಲ್ಲುತ್ತಾರೆ. ಬೋರ್ಡ್ ಅಡ್ಡಕ್ಕೇ ಜಾರುತ್ತಾ ಹೋಗಿ ಬೆರಳಿನ ಕಡೆಯ ಅಂಚು ನೀರಿಗೆ ಕಚ್ಚುತ್ತದೆ, ಮುಖ ಅಡಿಯಾಗಿ ಬೀಳುತ್ತಾರೆ. ವೇಕ್‌ಬೋರ್ಡಿನಲ್ಲಿ ಹೆಚ್ಚು ನೋವಾಗುವ ಬೀಳುಗಳಲ್ಲಿ ಇದೂ ಒಂದು. ಇನ್ನೊಂದು ತಪ್ಪು ಕಾಲ ಕಡೆ ನೋಡುವುದು. ಕಣ್ಣು ಕೆಳಗಿಳಿದರೆ ತಲೆ ಮುಂದಕ್ಕೆ, ತಲೆಯ ಹಿಂದೆ ಸೊಂಟ, ಆಮೇಲೆ ಮೂಗು ನೀರೊಳಗೆ. ದೋಣಿಯ ಚಾಲಕರ ತಲೆ ನೋಡಲು ಹೇಳಿ.

ಬಿದ್ದರೆ ಹ್ಯಾಂಡಲ್ ಬಿಡಬೇಕು. ಇಷ್ಟು ಸುಲಭದ ಮಾತು ನೀರಲ್ಲಿ ನೆನಪಿರುವುದಿಲ್ಲ, ಮುಳುಗಿಕೊಂಡೇ ಹತ್ತು ಮೀಟರ್ ಎಳೆಸಿಕೊಂಡು ಹೋಗುವವರೇ ಜಾಸ್ತಿ. ‘ಬಿಡು!’ ಎಂಬ ಒಂದು ಕೂಗಿಗೆ ಹುಲ್ಲಿನ ಮೇಲೆಯೇ ಕೈ ಬಿಡಿಸುವ ಅಭ್ಯಾಸ ಮಾಡಿಸಿ. ಮನೆಯಲ್ಲಿ ‘ರೀ’, ‘ಅಣ್ಣಾರೆ’ ಅಂತ ಎಷ್ಟೇ ಮರ್ಯಾದೆ ಇರಲಿ, ದೋಣಿಯಿಂದ ಏಕವಚನವೇ ಸರಿ. ‘ಬಿಡಿ ಸರ್’ ಅನ್ನುವಷ್ಟರಲ್ಲಿ ಎರಡು ಗುಟುಕು ನೀರು ಒಳಗೆ ಹೋಗಿರುತ್ತದೆ.

ಒಬ್ಬರಿಗೆ ಒಂದು ಸರದಿ 10–15 ನಿಮಿಷ ಮೀರಬಾರದು. ಕಾಲಿಗಿಂತ ಮೊದಲು ಸೋಲುವುದು ಮುಂಗೈ, ಮುಂಗೈ ಸೋತ ಮೇಲೆ ಕಲಿತದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಐದಾರು ಸಲ ಬಿದ್ದರೆ ದೋಣಿಗೆ ಹತ್ತಿಸಿ ಇನ್ನೊಬ್ಬರನ್ನು ಇಳಿಸಿ. ಕೂತು ನೋಡಿದವರು ಎರಡನೇ ಸರದಿಯಲ್ಲಿ ಬೇಗ ಏಳುತ್ತಾರೆ.

ಚಾಲಕರ ಬಗ್ಗೆ ಸೆಟ್ಟಿನಲ್ಲಿ ಏನೂ ಬರುವುದಿಲ್ಲ, ಬರಲೂ ಸಾಧ್ಯವಿಲ್ಲ. ಆದರೆ ಎಲ್ಲ ಕೆಡುವುದು ಅಲ್ಲೇ. ಥ್ರಾಟಲ್ ಒಮ್ಮೆಗೇ ಎತ್ತಿದರೆ ಹ್ಯಾಂಡಲ್ ಹಾರಿಹೋಗುತ್ತದೆ. ಹೆದರಿ ತೀರಾ ಮೆಲ್ಲಗೆ ಹೋದರೆ ಕಲಿಯುವವರು ನೀರನ್ನು ಉಳುತ್ತಾ ಸುಸ್ತಾಗುತ್ತಾರೆ. 25 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 7 ಮೀಟರ್, ಅರ್ಧ ನಿಮಿಷಕ್ಕೆ 200 ಮೀಟರ್ ದಾಟಿಬಿಡುತ್ತೀರಿ. ಆದ್ದರಿಂದ 400 ಮೀಟರ್ ನೇರ ನೀರು ಇಲ್ಲದ ಕಡೆ ಈ ಪಾಠ ಬೇಡ. ವೇಗ ನೋಡಲು ಮೊಬೈಲಿನ ಜಿಪಿಎಸ್ ಸಾಕು. ಚಾಲಕರ ಕಣ್ಣು ಮುಂದೆ, ಹಿಂದೆ ನೋಡಲು ಇನ್ನೊಬ್ಬರು ಕಡ್ಡಾಯ. ಬೋರ್ಡಿನ ಮೇಲಿರುವವರ ಸನ್ನೆಗಳು ಹೀಗೆ: ಹೆಬ್ಬೆರಳು ಮೇಲೆ ಅಂದರೆ ವೇಗ ಬೇಕು, ಕೆಳಗೆ ಅಂದರೆ ಕಡಿಮೆ ಮಾಡಿ, ಕತ್ತಿನ ಮುಂದೆ ಕೈ ಅಡ್ಡ ಆಡಿಸಿದರೆ ಎಂಜಿನ್ ನಿಲ್ಲಿಸಿ, ಬಿದ್ದ ಮೇಲೆ ಕೈ ಮೇಲೆತ್ತಿದರೆ ‘ಚೆನ್ನಾಗಿದ್ದೇನೆ’. ಬಿದ್ದವರನ್ನು ಹತ್ತಿಸಿಕೊಳ್ಳುವಾಗ ಎಂಜಿನ್ ನ್ಯೂಟ್ರಲ್ ಅಲ್ಲ, ಪೂರ್ತಿ ಬಂದ್.

ಹಗುರವಾದ ರಬ್ಬರ್ ದೋಣಿ, 40 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್), ಒಳಗೆ ಇಬ್ಬರೇ ಇದ್ದರೆ 60 ಕಿಲೋದವರನ್ನು ಎಬ್ಬಿಸಬಹುದು. ಭಾರ ಹೆಚ್ಚಿದಂತೆ 60 ಎಚ್‌ಪಿ ಕಡೆ ನೋಡಿ. ಇಂಥ ದೋಣಿಯಲ್ಲಿ ಹಗ್ಗ ಕಟ್ಟುವ ಎತ್ತರದ ಕಂಬ ಇರುವುದಿಲ್ಲ. ಹಿಂಭಾಗದ ಎರಡು ಕಡಗಕ್ಕೆ ವೈ ಆಕಾರದ ಹಗ್ಗ, ನಡುವೆ ಒಂದು ತೇಲು ಗುಂಡು ಹಾಕಿ ಕಟ್ಟಬೇಕು, ಇಲ್ಲದಿದ್ದರೆ ಸಡಿಲವಾದಾಗ ಪ್ರೊಪೆಲ್ಲರ್ ನುಂಗುತ್ತದೆ. ಎಳೆಯುವ ಜಾಗ ತಗ್ಗಾದ್ದರಿಂದ ಗಿಡ್ಡ ಹಗ್ಗದ ಅಗತ್ಯ ಇಲ್ಲಿ ಇನ್ನೂ ಹೆಚ್ಚು. ಮೂವರು ಕೂರುವ ಜೆಟ್‌ಸ್ಕಿಯೂ ನಡೆಯುತ್ತದೆ: ಚಾಲಕರು, ಹಿಂದೆ ನೋಡುವವರು, ಬಿದ್ದವರಿಗೆ ಒಂದು ಸೀಟು. ಇಬ್ಬರಿಗಷ್ಟೇ ಸೀಟಿರುವ ಜೆಟ್‌ಸ್ಕಿ ಬೇಡ.

ಈ ಸೆಟ್ ಕೊಂಡವರು ನಮ್ಮ ಸುತ್ತಮುತ್ತ ಎಲ್ಲಿ ಇಳಿಯುತ್ತಾರೆ ಅನ್ನುವುದು ಬೋರ್ಡಿನಷ್ಟೇ ಮುಖ್ಯ. ಭದ್ರಾ ನಾಲೆ ನೋಡಲು ಉದ್ದ, ನೇರ, ತುಂಬಿದ ನೀರು. ಅದರ ಹತ್ತಿರವೂ ಹೋಗಬೇಡಿ. ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಕೈಗೆ ಹಿಡಿತ ಸಿಗುವುದಿಲ್ಲ, ಸೆಳವು ನಿಲ್ಲುವುದಿಲ್ಲ, ಕಾಲಿಗೆ ಬೋರ್ಡ್ ಬೇರೆ. ಹರಿಹರದ ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿ, ಬಂಡೆ. ಒಂದು ಮಾರು ದೂರದಲ್ಲಿ ಆಳ ಬದಲಾಗುತ್ತದೆ.

ವಿಸ್ತಾರದ ನೀರು ಅಂದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ. ಎರಡೂ ಕುಡಿಯುವ ನೀರಿನ ಮೂಲ. ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಎಂಜಿನ್ ದೋಣಿ ಇಳಿಸುವ ಮಾತೇ ಇಲ್ಲ, ಸಿಕ್ಕರೂ ನಾಲ್ಕು ಸ್ಟ್ರೋಕಿನ ಎಂಜಿನ್ನೇ ಇರಲಿ. ಹಳೆಯ ಎರಡು ಸ್ಟ್ರೋಕಿನವು ಸುಡದ ಪೆಟ್ರೋಲು, ಆಯಿಲನ್ನು ನೇರ ನೀರಿಗೆ ಬಿಡುತ್ತವೆ. ನೀರಿನ ಅಡಿಯ ಅಪಾಯ ಬೇರೆಯದೇ. 1907ರಲ್ಲಿ ಮುಗಿದ ವಾಣಿವಿಲಾಸ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ನೀರು ಕಾಣದ ಅಂಚು ಮುಳುಗಿದರೆ ಅಲ್ಲಿ ಬೆಳೆದ ಗಿಡ, ಬೇಲಿ ಕಂಬ, ತಂತಿ ಅಡಿಯಲ್ಲೇ ಉಳಿಯುತ್ತವೆ. ಕೆರೆಗಳಲ್ಲೂ ಅಷ್ಟೇ: ಒಣಗಿದ ವರ್ಷ ಅಂಗಳದಲ್ಲಿ ಬಳ್ಳಾರಿ ಜಾಲಿ ಎದ್ದು, ತುಂಬಿದ ವರ್ಷ ಅದರ ಮುಳ್ಳು ಕೊಂಬೆ ಒಂದಡಿ ನೀರಿನ ಕೆಳಗೆ ಕಾಯುತ್ತಿರುತ್ತದೆ. ಕೆಂಪು ಮಿಶ್ರಿತ ಬಗ್ಗಡ ನೀರಿನಲ್ಲಿ ಕಾಣುವುದಿಲ್ಲ. ದಡದಿಂದ ದೂರ, ಕನಿಷ್ಠ 2 ಮೀಟರ್ ಆಳ. ಮೊದಲು ಓಡುವ ದಾರಿಯುದ್ದಕ್ಕೂ ಕಲ್ಲು ಕಟ್ಟಿದ ಹಗ್ಗ ಇಳಿಸಿ ನೋಡಿಕೊಳ್ಳಿ. ಮೀನು ಹಿಡಿಯುವ ತೆಪ್ಪದವರನ್ನು ಕೇಳಿದರೆ ಬಲೆ ಎಲ್ಲಿದೆ, ಬೊಡ್ಡೆ ಎಲ್ಲಿದೆ ಎಂದು ಬೆರಳು ತೋರಿಸಿ ಹೇಳುತ್ತಾರೆ. ಅವರ ಬಲೆ ಹರಿದರೆ ಆ ದಿನದ ಊಟ ಹರಿದಂತೆ, ಅದೂ ಗಮನದಲ್ಲಿರಲಿ.

ಗಾಳಿ ಎಷ್ಟಿದೆ ಎಂದು ನೋಡಲು ಚಿತ್ರದುರ್ಗದವರಿಗೆ ಬೇರೆ ಯಂತ್ರ ಬೇಡ. ಗುಡ್ಡದ ಮೇಲಿನ ಗಾಳಿಯಂತ್ರ ಜೋರಾಗಿ ತಿರುಗುತ್ತಿದ್ದರೆ ಬೋರ್ಡ್ ಮನೆಯಲ್ಲೇ ಇರಲಿ. ಆಷಾಢದ ಗಾಳಿಯಲ್ಲಿ ನೀರು ಅಲೆಯಲೆಯಾಗಿ ಏಳುತ್ತದೆ, ಹೊಸಬರ ಬೋರ್ಡಿನ ಮೂಗು ಪ್ರತಿ ಅಲೆಗೂ ಸಿಕ್ಕುತ್ತದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ನೀರು ಕನ್ನಡಿಯಂತಿದ್ದಾಗ ಮುಗಿಸಿಕೊಂಡರೆ ಬೆಣ್ಣೆ ದೋಸೆ ಹೊತ್ತಿಗೆ ಊರು ಸೇರಬಹುದು. ದೋಸೆ ಆಮೇಲೆಯೇ, ಮೊದಲಲ್ಲ. ಹೊಟ್ಟೆ ತುಂಬಿದವರಿಗೆ ಮಂಡಿ ಎದೆಗೆ ಬರುವುದಿಲ್ಲ.

ಕೊಳ್ಳಬೇಕೇ? ಅನುಮತಿ, ದೋಣಿ, ಒಬ್ಬ ತಾಳ್ಮೆಯ ಚಾಲಕ, ಮೂರೂ ಮೊದಲೇ ಇರುವ ಈಜು ತಂಡಕ್ಕೆ ಹೌದು, ಜೊತೆಗೆ 40 ಅಡಿ ಹಗ್ಗ ಮತ್ತು ಎರಡು ಸರಿಯಾದ ಜಾಕೆಟ್ಟಿಗೆ ಬೇರೆ ಹಣ ಇಟ್ಟುಕೊಂಡು. ಬೋರ್ಡು, ಬೂಟು ಬಿಡಿಯಾಗಿ ಸಿಗುವುದಾದರೆ ಹಾಗೆಯೇ ತೆಗೆದುಕೊಳ್ಳಿ, ಹಗ್ಗ, ಜಾಕೆಟ್ ಮಾರುವವರಿಗೇ ಇರಲಿ. ಒಬ್ಬರೇ ಹವ್ಯಾಸಕ್ಕೆ ತರಿಸುವುದಾದರೆ ಬೇಡ. ಮೊದಲು ಎಲ್ಲಾದರೂ ಬಾಡಿಗೆ ಬೋರ್ಡಿನ ಮೇಲೆ ನಾಲ್ಕು ಸರದಿ ಕಲಿತು ಬನ್ನಿ.

ತಂದವರು ಎರಡು ವಿಷಯ ನೋಡಿಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಮೇಲೆ ಕಟ್ಟಿಕೊಂಡು ಬಂದ ಬೋರ್ಡಿನ ಮೇಲಿನ ಫೋಮ್ ಹಾಸು ಅಂಚಿನಲ್ಲಿ ಬಿಡುತ್ತದೆ, ಹಳೆಯ ಕಂಬಳಿ ಸುತ್ತಿ ತನ್ನಿ. ಬೂಟನ್ನು ಲಾಡಿ ಪೂರ್ತಿ ಸಡಿಲಿಸಿ, ನೆರಳಲ್ಲಿ, ಬಾಯಿ ಕೆಳಗೆ ಮಾಡಿ ಎರಡು ದಿನ ಒಣಗಿಸಿ. ಒದ್ದೆಯಲ್ಲೇ ಚೀಲಕ್ಕೆ ತುಂಬಿದರೆ ಮುಂದಿನ ಭಾನುವಾರ ಚೀಲ ಬಿಚ್ಚುವವರು ನೀವಾಗಿರಬಾರದು.